ಸೀನರಿ

ನಮ್ಮ ಪ್ರಾಚೀನ ಕವಿಗಳಿಗೆ ಈ ಪದದ ಹಂಗಿರಲಿಲ್ಲ. ಮಹಾಕಾವ್ಯವೆಂದಮೇಲೆ ಅಷ್ಟಾದಶ ವರ್ಣನೆಗಳು ಇರತಕ್ಕುದೆಂದು ಲಾಕ್ಷಣಿಕರು ವಿಧಿಸಿಬಿಟ್ಟಿದ್ದುದರಿಂದ, ಜನ್ಮದಲ್ಲಿ ಕಡಲಿನ ಮುಖ ಕಾಣದವನೂ ಸಮುದ್ರವನ್ನು ವರ್ಣಿಸಿ, ದಿಬ್ಬ ಹತ್ತಿ ಏದುಸಿರು ಬಿಡದವನೂ ಪರ್ವತವನ್ನು ವರ್ಣಿಸಿ, ಸೂರ್ಯೋದಯ ಚಂದ್ರೋದಯಗಳ ಬಾಕಿಯನ್ನೂ ತೀರಿಸಿ, ನಿಶ್ಚಿಂತನಾಗಿ ಕಥೆಗೆ ಹಿಂದಿರುಗುತ್ತಿದ್ದನು. ಕಾವ್ಯವನ್ನು ಓದದೆ ಕೇವಲ ಕಣ್ಣಿನಿಂದ ನೋಡಿ ತಣಿಯುವ ನಮ್ಮಂಥವರಿಗಾಗಿ 'ಸೀನರಿ' ಬಂದಿತು. ತಂದವರು ನಾಟಕದ ಕಂಪನಿಯವರೇ ಇರಬೇಕೆಂದು ನನ್ನ ಊಹೆ.

ಇಂಗ್ಲಿಷಿನಲ್ಲಿಯೂ ಅದು ಮೊದಲು ರಂಗಭೂಮಿಯ ಬಣ್ಣದ ಪರದೆಗಳನ್ನು ಹೇಳುತ್ತಿದ್ದು, 18ನೆಯ ಶತಮಾನದ ಕೊನೆಗೆ ಗುಡ್ಡಬೆಟ್ಟಗಳ ಮೇಲೆ ಹೋಗಿ ಕುಳಿತ ಪದ. ಮೂಲದ ಗ್ರೀಕಿನಲ್ಲಂತೂ 'ಸ್ಕೀನೆ' ಎಂದರೆ ಡೇರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಊರೂರಿಗೆ ಹೋಗಿ ಕ್ಯಾಂಪು ಹಾಕುತ್ತಿದ್ದುದನ್ನು ನೆನೆದರೆ, ಪದವು ನಮ್ಮಲ್ಲಿಗೆ ಬಂದದ್ದು ತೌರಿಗೆ ಬಂದಂತೆಯೇ ಸರಿ. ರಸ್ತೆ ಸೀನು, ಅರಮನೆ ಸೀನು, ಕಾಡು ಸೀನು — ಈ ಮೂರರೊಳಗೆ ಮೂರು ಲೋಕವೂ ಅಡಗುತ್ತಿತ್ತು. ಸಣ್ಣ ಮೇಳಗಳಲ್ಲಿ ಕಾಡಿನ ಪರದೆಯ ಹಗ್ಗ ಸಿಕ್ಕಿಕೊಂಡಿತೆಂದರೆ, ನಳಮಹಾರಾಜನು ಅರಮನೆಯ ಕಂಬಗಳ ನಡುವೆಯೇ ದಮಯಂತಿಯನ್ನು ಅಡವಿಪಾಲು ಮಾಡಿ, ಹಾರ್ಮೋನಿಯಮ್ಮಿನ ಶ್ರುತಿ ತಪ್ಪದಂತೆ ಅಳುತ್ತ ಹೋಗಬೇಕಾಗುತ್ತಿತ್ತು.

ಪರದೆಯ ಬಣ್ಣದ ವಾಸನೆ ಪದವನ್ನು ಇಂದಿಗೂ ಬಿಟ್ಟಿಲ್ಲ. 830 ಅಡಿಯ ಮೇಲಿಂದ ಶರಾವತಿಯು ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ ಜೋಗದಲ್ಲಿ ಧುಮುಕುವುದನ್ನು ಕಂಡವರು 'ಥೇಟ್ ಚಿತ್ರ ಬರೆದ ಹಾಗಿದೆ' ಎನ್ನುವರು. ಅದರ ಚಿತ್ರವನ್ನು ಕಂಡವರು 'ಥೇಟ್ ಜೋಗವೇ' ಎನ್ನುವರು. ಯಾವುದು ಯಾವುದರ ನಕಲೆಂದು ಶರಾವತಿಯೇ ಹೇಳಬೇಕು. ಆಗುಂಬೆಯ ಕಟ್ಟೆಯ ಮೇಲೆ ಸೂರ್ಯಾಸ್ತಕ್ಕೆಂದು ನೆರೆದವರು, ಕಡೆಯ ಗಳಿಗೆಯಲ್ಲಿ ಮೋಡ ಅಡ್ಡ ಬಂದರೆ, ಟಿಕೆಟ್ಟಿನ ಹಣ ವಾಪಸು ಕೇಳುವ ಮುಖ ಮಾಡುವುದನ್ನು ನಾನೇ ಕಂಡಿದ್ದೇನೆ. ಮಳೆಗೆ ಹೆಸರಾದ ಊರಿನಲ್ಲಿ ಮೋಡ ಬಂದಿತೆಂದು ಮುನಿಯುವುದು ಮನುಷ್ಯರಿಗಷ್ಟೇ ಸಾಧ್ಯ.

ಅಲ್ಲಿಯೇ ನೆಲೆಸಿದವರ ಮಾತು ಬೇರೆ. ಮಲೆನಾಡಿಗರು ಕಾನು, ಬ್ಯಾಣ, ಹಕ್ಕಲು ಎಂದು ನೆಲದ ಒಂದೊಂದು ತುಂಡಿಗೂ ಒಂದೊಂದು ಹೆಸರಿಟ್ಟಿರುವರಾದರೂ, ಸುಮ್ಮನೆ ನಿಂತು ನೋಡುವುದಕ್ಕೆಂದು ಯಾವ ತುಂಡನ್ನೂ ಮೀಸಲಿಟ್ಟಂತೆ ಕಾಣೆ. ತೀರ್ಥಹಳ್ಳಿಯ ಕಡೆ ಅಡಕೆ ತೋಟದ ಯಜಮಾನರೊಬ್ಬರ ಮನೆಯಲ್ಲಿ ತಂಗಿದ್ದಾಗ, ಹಿತ್ತಲಿನಾಚೆ ಮಂಜಿನೊಳಗಿಂದ ಮೆಲ್ಲಮೆಲ್ಲನೆ ಹಸಿರಾಗಿ ಒಡಮೂಡುತ್ತಿದ್ದ ಇಳಿಜಾರನ್ನು ಕಂಡು, ಕೈಯಲ್ಲಿದ್ದ ಕಾಫಿ ಆರಿದ್ದನ್ನೂ ಮರೆತು, "ಆಹಾ, ಎಂಥ ಸೀನರಿ!" ಎಂದೆ.

"ಎಂಥ ಸೀನರಿ ಮಾರಾಯ್ರೆ, ಅದು ಸೊಪ್ಪಿನಬೆಟ್ಟ," ಎಂದರು ಅವರು. ಅಷ್ಟಕ್ಕೆ ಬಿಡದೆ ನನ್ನನ್ನು ಜಗಲಿಗೆ ಕರೆದೊಯ್ದು, ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿಸಿದ್ದ, ಯಾವುದೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಹಿಮದ ಬೆಟ್ಟವೊಂದನ್ನು ತೋರಿಸಿ, "ಸೀನರಿ ಅಂದ್ರೆ ಇದು. ನೋಡಿ, ಒಂದು ಹಿಡಿ ಸೊಪ್ಪು ಸಿಕ್ಕುವ ಜಾಗ ಅಲ್ಲ!" ಎಂದರು.