ಮುಖಪುಟದ ನಯನಗಳು

"ಸ್ವಾಮಿ, ನನ್ನ ಗ್ರಂಥವು ಅಡಿಕೆಯ ಕೊಳೆರೋಗವನ್ನು ಕುರಿತದ್ದು, ಮುಖಪುಟದಲ್ಲಿ ಕಾಡಿಗೆ ತೀಡಿದ ಸ್ತ್ರೀನೇತ್ರಗಳೇಕೆ?" ಎಂದು ಗ್ರಂಥಕರ್ತರು ವಿನಯಪೂರ್ವಕವಾಗಿ ವಿಚಾರಿಸಿದರು.

"ಕಣ್ಣಿಲ್ಲದ ಪುಸ್ತಕವನ್ನು ಕಣ್ಣೆತ್ತಿ ನೋಡುವವರಾರು, ರಾಯರೆ? 1925ರಲ್ಲಿ ಹೊರಬಂದ ಫಿಟ್ಸ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಗೆ ಫ್ರಾನ್ಸಿಸ್ ಕುಗಾಟ್ ಎಂಬ ಚಿತ್ರಕಾರನು ಕಡುನೀಲಿಯ ಇರುಳಿನಲ್ಲಿ ಮೂಗಿಲ್ಲದ ಮುಖವೊಂದನ್ನು ತೇಲಿಬಿಟ್ಟು, ಕಣ್ಣಾಲಿಗಳೊಳಗೆ ವಿವಸ್ತ್ರ ಸ್ತ್ರೀಯರನ್ನು ಒರಗಿಸಿದನು, ಲೇಖಕನೋ, ಕಾದಂಬರಿ ಮುಗಿಯುವ ಮುನ್ನವೇ, ಆ ಹೊದಿಕೆಯನ್ನು ಅನ್ಯರಿಗೆ ಕೊಡಕೂಡದೆಂದೂ ತಾನದನ್ನು ಕೃತಿಯೊಳಕ್ಕೇ ಬರೆದುಕೊಂಡಿರುವೆನೆಂದೂ ಸಂಪಾದಕನಿಗೆ ಕಾಗದ ಹಾಕಿದನು."

"ಹಾಗಾದರೆ ನಾನು?"

"ತಾವೂ ಬೋರ್ಡೋ ದ್ರಾವಣದ ಅಧ್ಯಾಯದಲ್ಲಿ ಓರ್ವ ಸುಲೋಚನೆಯನ್ನು ಸೇರಿಸಿರಿ, ಬ್ಲಾಕು ಆಗಲೇ ಬಂದಿದೆ!" ಎಂದರು ಪ್ರಕಾಶಕರು, ಮೈಲುತುತ್ತದ ಬಣ್ಣದ ಆ ಕಣ್ಣುಗಳನ್ನು ವಾತ್ಸಲ್ಯದಿಂದ ನೇವರಿಸುತ್ತ.

ಗ್ರಂಥವು ಮಾರಾಟಕ್ಕಿದೆ, ಸುಲೋಚನೆಯು 40ನೆಯ ಪುಟದಲ್ಲಿ, ಸುಣ್ಣದ ಪ್ರಮಾಣದ ಕೆಳಗೆ, ದೊರೆಯುವಳು.