ಹಳೇ ಕಳ್ಳನೇ ಒಳ್ಳೇ ಕಳ್ಳ

ಸಿರುಮುಗೈಯಲ್ಲಿರುವ ನನ್ನ ಮಾವನವರು ಎರಡು ವಿಷಯಗಳಲ್ಲಿ ಯಾರ ಮಾತಿಗೂ ಸೊಪ್ಪು ಹಾಕಿದವರಲ್ಲ. ಒಂದು ರೇಷ್ಮೆ, ಇನ್ನೊಂದು ಕಳ್ಳ. ರೇಷ್ಮೆ ಅವರ ಕುಲಕಸುಬು. ಕೊಯಮತ್ತೂರು ಜಿಲ್ಲೆಯ ಭವಾನಿ ನದಿಯ ಮಗ್ಗುಲಲ್ಲಿರುವ ಆ ಊರಿನಲ್ಲಿ ಮಗ್ಗದ ಸದ್ದು ಕೇಳುತ್ತಲೇ ಹುಟ್ಟಿ ಬೆಳೆದ ದೇವಾಂಗರು ಅವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಓದು ಬರಹವೆಲ್ಲ ತಮಿಳಿನಲ್ಲೇ. ಕಳ್ಳತನ ಅವರ ಕಸುಬಲ್ಲ. ಆದರೂ ಸಿನಿಮಾದ ಕಳ್ಳ ಹೇಗಿರಬೇಕು ಎಂಬುದರಲ್ಲಿ ಅವರಿಗಿರುವ ಖಚಿತತೆ ಎರಡೂ ರಾಜ್ಯಗಳ ಪೊಲೀಸರಿಗೆ ಇದ್ದಿದ್ದರೆ ಎಷ್ಟೋ ಕೇಸುಗಳು ಎಂದೋ ಬಗೆಹರಿಯುತ್ತಿದ್ದವು.

ಮದುವೆ ಗೊತ್ತಾದ ಮೇಲೆ ನಾನು ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ತಿರುಗುವ ತಲೆಯನ್ನು ಹೇಗೋ ಹಿಡಿದುಕೊಂಡು ಅವರ ಜಗಲಿಯ ಮೇಲೆ ಕುಳಿತೆ. ಅವರು ಸಂಬಳ ಕೇಳಲಿಲ್ಲ, ಸ್ವಂತ ಮನೆಯಿದೆಯಾ ಎನ್ನಲಿಲ್ಲ.

“ಅಳಿಯಂದ್ರೇ, ಮಲೈಕ್ಕಳ್ಳನ್ ನೋಡಿದೀರಾ?”

“ಇಲ್ಲ ಮಾವ.”

“ಹಾಗಾದ್ರೆ ನೀವು ಕಳ್ಳನ್ನೇ ನೋಡಿಲ್ಲ.”

ಅಂದಿನಿಂದ ನಾನು ಅವರ ಶಿಷ್ಯ. ರೀಮೇಕ್ ಚಿತ್ರಗಳ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದು ಒಂದು ಕಲೆಯೆಂದೂ ಅದಕ್ಕೆ ಚಿತ್ರ ನೋಡುವ ಹಂಗು ಬೇಕಿಲ್ಲವೆಂದೂ ತಿಳಿದದ್ದು ಅವರಿಂದ. ಈ ಬರಹ ಆ ಋಣದ ಒಂದು ಕಂತು.

ಈ ವಿಷಯದಲ್ಲಿ ಮಾತಾಡುವ ಹಕ್ಕು ಕೊಯಮತ್ತೂರಿನವರಿಗೆ ಸುಮ್ಮನೆ ಬಂದದ್ದಲ್ಲ. 1905ರಲ್ಲಿ ಸಾಮಿಕ್ಕಣ್ಣು ವಿನ್ಸೆಂಟ್ ಎಂಬ ರೈಲ್ವೆ ನೌಕರರು ಡುಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನಿಂದ ಪ್ರೊಜೆಕ್ಟರನ್ನೂ ಫಿಲ್ಮುಗಳನ್ನೂ ಕೊಂಡು, ಡೇರೆ ಹೊತ್ತು ಊರೂರು ತಿರುಗಿ, 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಕಟ್ಟಿದರು. ದುಡ್ಡು ಕೊಟ್ಟು ಕೊಂಡರು ಎಂಬುದನ್ನು ಓದುಗರು ಗಮನಿಸಬೇಕು. ಸಿನಿಮಾ ಚರಿತ್ರೆಯಲ್ಲಿ ಇದು ಅಷ್ಟೇನೂ ಸಾಮಾನ್ಯವಲ್ಲ.

ಆಮೇಲೆ ಅದೇ ಊರಿನಲ್ಲಿ ಎಸ್. ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೊ ಬಂತು. ಅಲ್ಲಿನವರಿಗೆ ಕಳ್ಳರೆಂದರೆ ಮೊದಲಿನಿಂದಲೂ ಅಕ್ಕರೆ. 1950ರಲ್ಲೇ ವಿಕ್ಟರ್ ಹ್ಯೂಗೊ ಬರೆದ ರೊಟ್ಟಿ ಕದ್ದವನ ಕಥೆಯನ್ನು ‘ಏಳೈ ಪಡುಂ ಪಾಡು’ ಎಂದು ತಮಿಳಿಗೆ ತಂದರು. ಫ್ರಾನ್ಸಿನಲ್ಲಿ ಆ ಮನುಷ್ಯ ಬರೀ ಒಂದು ರೊಟ್ಟಿಗೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತ. ಇಡೀ ಮನುಷ್ಯನನ್ನೇ ಎತ್ತಿಕೊಂಡು ಬಂದವರಿಗೆ ಕೊಯಮತ್ತೂರಿನಲ್ಲಿ ಚಪ್ಪಾಳೆ ಬಿತ್ತು. ಕಾಲ ಎಷ್ಟು ಸುಧಾರಿಸಿತ್ತು ನೋಡಿ.

ಆದರೆ ಮಾವನವರ ಕಳ್ಳ ಬಂದದ್ದು 1954ರಲ್ಲಿ. ನಾಮಕ್ಕಲ್ ಕವಿ ರಾಮಲಿಂಗಂ ಪಿಳ್ಳೈ ಅವರ ಕಾದಂಬರಿ, ಕರುಣಾನಿಧಿಯವರ ಸಂಭಾಷಣೆ, ಎಂಜಿಆರ್ ಮತ್ತು ಭಾನುಮತಿ, ನಿರ್ದೇಶನ ಸ್ವತಃ ನಾಯ್ಡು ಅವರದು. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಡುವ ಬೆಟ್ಟದ ಕಳ್ಳ. ಊರಿಗಿಳಿದರೆ ಗಡ್ಡ ಕಟ್ಟಿದ ಸಾಹುಕಾರ ಸಾಹೇಬ. ‘ಮಲೈಕ್ಕಳ್ಳನ್’ ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆದ ಮೊದಲ ತಮಿಳು ಚಿತ್ರವಾಯಿತು. ದೇಶದ ಪ್ರಥಮ ಪ್ರಜೆಯೇ ಒಪ್ಪಿದ ಕಳ್ಳ. ಇನ್ನು ಮುಚ್ಚಿಡುವುದೇನು? ನಾಯ್ಡು ಅವರು ಅದೇ ವರ್ಷ ಅವನನ್ನು ತೆಲುಗಿನಲ್ಲಿ ಎನ್‌ಟಿಆರ್ ಅವರ ‘ಅಗ್ಗಿ ರಾಮುಡು’ ಮಾಡಿದರು. 1955ರಲ್ಲಿ ಹಿಂದಿಯ ‘ಆಜಾದ್’. 1957ರಲ್ಲಿ ಒಂದೇ ಏಟಿಗೆ ಕನ್ನಡದ ‘ಬೆಟ್ಟದ ಕಳ್ಳ’, ಮಲಯಾಳದ ‘ತಸ್ಕರವೀರನ್’, ಸಿಂಹಳದ ‘ಸೂರಸೇನ’. ಆರು ಭಾಷೆ, ಒಬ್ಬನೇ ಕಳ್ಳ, ಮೂರೇ ವರ್ಷದ ಅಂತರ. ಹಾಲಿವುಡ್ಡಿನವರಿಗೆ ಒಂದು ರೀಮೇಕಿಗೆ ಮೂವತ್ತು, ನಲವತ್ತು ವರ್ಷ ಬೇಕಾಯಿತು.

ಇದರ ಮರ್ಮ ನನಗೆ ಬಿಡಿಸಿ ಹೇಳಿದವನು ತಿರುಪ್ಪೂರಿನ ಬನಿಯನ್ ಕಂಪೆನಿಯೊಂದರಲ್ಲಿ ಮರ್ಚಂಡೈಸರ್ ಆಗಿರುವ ನನ್ನ ಭಾವಮೈದುನ.

“ಭಾವ, ಇದರಲ್ಲಿ ಆಶ್ಚರ್ಯ ಏನಿದೆ? ತಮಿಳಿನದು ಸ್ಯಾಂಪಲ್. ಸ್ಯಾಂಪಲ್ ಪಾಸ್ ಆಯ್ತು, ಪ್ಯಾಟರ್ನ್ ರೆಡಿ ಇದೆ, ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಕಟಿಂಗಿಗೆ ಕೊಟ್ಟರು. ಹಿಂದಿ ಡಬಲ್ ಎಕ್ಸ್‌ಎಲ್.”

ಡಬಲ್ ಎಕ್ಸ್‌ಎಲ್ ತೊಟ್ಟವರು ದಿಲೀಪ್ ಕುಮಾರ್. ಅಳಿಸುವುದಕ್ಕೇ ಹುಟ್ಟಿದವರು ಎಂದು ದೇಶವೆಲ್ಲ ನಂಬಿದ್ದ ನಟ ಈ ಕಳ್ಳನ ವೇಷದಲ್ಲಿ ನಗಿಸಿ ಫಿಲ್ಮ್‌ಫೇರ್ ಪ್ರಶಸ್ತಿ ಒಯ್ದರು. ಅದರ ಹಾಡುಗಳನ್ನು ಒಂದು ತಿಂಗಳಲ್ಲಿ ಮುಗಿಸಿಕೊಡಿ ಎಂದು ನಾಯ್ಡು ಕೇಳಿದಾಗ ನೌಷಾದ್ ಒಲ್ಲೆ ಎಂದರಂತೆ, ಸಿ. ರಾಮಚಂದ್ರ ಹೂಂ ಎಂದು ಮಾಡಿಕೊಟ್ಟರಂತೆ. ಈ ಕಥೆ ಹೇಳಿದರೆ ಭಾವಮೈದುನನಿಗೆ ಸಂಗೀತ ಕೇಳಿಸುವುದೇ ಇಲ್ಲ. “ಶಿಪ್‌ಮೆಂಟ್ ಡೇಟ್ ಅಂದ್ರೆ ಡೇಟ್” ಎಂದು ತಲೆದೂಗುತ್ತಾನೆ.

ತಿರುಪ್ಪೂರಿನವರಿಗೆ ರೀಮೇಕ್ ಎಂದರೆ ಅವಮಾನವಲ್ಲ. ಪರದೇಶದ ಬ್ರ್ಯಾಂಡಿಗೆಂದು ಹೊಲಿದು, ಹೊಲಿಗೆ ಒಂದು ಎಳೆ ಜಾರಿದ್ದಕ್ಕೆ ವಾಪಸ್ಸಾದ ಅಂಗಿ ಖಾದರ್‌ಪೇಟೆಯಲ್ಲಿ ಸಿಗುತ್ತದೆ. ಅದು ಅಸಲಿಯೋ ನಕಲಿಯೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಒಗೆದರೆ ಬಣ್ಣ ಬಿಡುತ್ತದೆಯೇ ಎಂದಷ್ಟೇ ಕೇಳುತ್ತಾರೆ. ಇಷ್ಟು ಸಣ್ಣ ಪ್ರಶ್ನೆಯಿಂದ ದೊಡ್ಡ ವಿಮರ್ಶೆ ಹುಟ್ಟುವುದಿಲ್ಲ. ಅದಕ್ಕೇ ಆ ಊರು ಉದ್ಧಾರವಾಯಿತು, ವಿಮರ್ಶೆ ನಮ್ಮ ಪಾಲಿಗೆ ಉಳಿಯಿತು.

ಈಗ ಮುಖ್ಯ ವಿಷಯ, ನೋಡುಗರ ಅಭಿಪ್ರಾಯ. ಒಂದು ಭಾನುವಾರ ಬೇಕರಿಯಲ್ಲಿ ತೇಂಗಾಯ್ ಬನ್ನು, ಟೀ ಮುಂದಿಟ್ಟುಕೊಂಡು ಭಾವಮೈದುನ ಹೊಸ ಕಳ್ಳರ ಪರ ವಾದಿಸಿದ. ಅವನ ಪಕ್ಷದ ಮುಖ್ಯ ಸಾಕ್ಷಿ 2001ರ ‘ಓಷನ್ಸ್ ಇಲೆವೆನ್’. “ಮಾಡಿದರೆ ಹೀಗೆ ಮಾಡಬೇಕು. 1960ರದು ಬರೀ ಸ್ಲೋ.”

“ಹಳೇದು ನೋಡಿದ್ಯಾ?” ಎಂದೆ.

“ಸ್ಲೋ ಅಂತ ಗೊತ್ತಿದ್ದ ಮೇಲೆ ಯಾರು ನೋಡ್ತಾರೆ ಭಾವ?”

ಮಾವನವರು ಬನ್ನಿನ ಚೂರನ್ನು ಟೀಯಲ್ಲಿ ಅದ್ದಿ, ಅದು ಸರಿಯಾಗಿ ನೆನೆಯುವವರೆಗೆ ಕಾದು, ತೀರ್ಪು ಕೊಟ್ಟರು: “ಹಳೇದೇ ಚೆನ್ನಾಗಿತ್ತು.” ಅವರು ಎರಡನ್ನೂ ನೋಡಿರಲಿಲ್ಲ.

ಈ ನಿಷ್ಪಕ್ಷಪಾತಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟವನ ಮಾತಿನಲ್ಲಿ ಪಕ್ಷಪಾತ ಇದ್ದೇ ಇರುತ್ತದೆ. ಎರಡನ್ನೂ ನೋಡಿದವನು ಗೊಂದಲಕ್ಕೆ ಬೀಳುತ್ತಾನೆ. ಇದರಲ್ಲಿ ಇದು ಚೆನ್ನ, ಅದರಲ್ಲಿ ಅದು ಚೆನ್ನ ಎಂದು ಗೊಣಗುತ್ತಾನೆ, ಬೇಕರಿಯಲ್ಲಿ ಅವನಿಗೆ ಯಾರೂ ಕುರ್ಚಿ ಬಿಟ್ಟುಕೊಡುವುದಿಲ್ಲ. ಎರಡನ್ನೂ ನೋಡದವನ ತಕ್ಕಡಿ ಮಾತ್ರ ಅಲುಗಾಡದೆ ನಿಲ್ಲುತ್ತದೆ, ತಟ್ಟೆಗಳು ಖಾಲಿಯಿರುವುದರಿಂದ.

ನಾನು ಮಾತ್ರ ಗುಟ್ಟಾಗಿ ಎರಡನ್ನೂ ನೋಡಿ ಆ ಗೊಂದಲಕ್ಕೆ ಬಿದ್ದವನು. 1960ರಲ್ಲಿ ಫ್ರಾಂಕ್ ಸಿನಾತ್ರಾ ಮತ್ತು ಗೆಳೆಯರು ಹೊಸ ವರ್ಷದ ರಾತ್ರಿ ಲಾಸ್ ವೇಗಾಸಿನ ಐದು ಜೂಜುಕಟ್ಟೆಗಳನ್ನು ದೋಚಿ, ಹಣವನ್ನು ಸತ್ತ ಗೆಳೆಯನ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾರೆ. ಪೆಟ್ಟಿಗೆಯನ್ನು ಸುಟ್ಟುಬಿಡುತ್ತಾರೆ. 2001ರಲ್ಲಿ ಜಾರ್ಜ್ ಕ್ಲೂನಿಯ ಬಳಗ ಮೂರು ಜೂಜುಕಟ್ಟೆಗಳ ಹಣ ಹೊತ್ತುಕೊಂಡು, ಕಾರಂಜಿ ನೋಡುತ್ತ ನಿಂತು, ಆರಾಮವಾಗಿ ಮನೆಗೆ ಹೋಗುತ್ತದೆ. 1969ರ ‘ದಿ ಇಟಾಲಿಯನ್ ಜಾಬ್’ನಲ್ಲಿ ಚಿನ್ನ ತುಂಬಿದ ಬಸ್ಸು ಪ್ರಪಾತದ ಅಂಚಿನಲ್ಲಿ ತೊಯ್ದಾಡುತ್ತ ನಿಲ್ಲುವಲ್ಲಿಗೆ ಸಿನಿಮಾ ಮುಗಿಯುತ್ತದೆ. 2003ರಲ್ಲಿ ಅದೇ ಹೆಸರಿನ ಕಳ್ಳರಿಗೆ ಚಿನ್ನ ದಕ್ಕುತ್ತದೆ. 2012ರಲ್ಲಿ ಅಬ್ಬಾಸ್–ಮಸ್ತಾನ್ ಅದನ್ನೇ ‘ಪ್ಲೇಯರ್ಸ್’ ಎಂದು ಹಿಂದಿಗೆ ತಂದಾಗ ಅದರ ಮೇಲೆ ಪ್ರೇಕ್ಷಕರೇ ಅಷ್ಟೊಂದು ದುಡ್ಡು ಸುರಿಯಲಿಲ್ಲ.

ಇದನ್ನು ಹೇಳಿದಾಗ ಮಾವನವರು ಗೆದ್ದ ನಗೆ ನಕ್ಕರು. “ನಾನು ಹೇಳ್ಲಿಲ್ವಾ? ಹಳೇ ಕಳ್ಳರು ದುಡಿಯೋರು, ದಕ್ಕಿಸಿಕೊಳ್ಳೋರಲ್ಲ. ನಮ್ಮ ಹಾಗೆ.” ಅರುವತ್ತು ವರ್ಷ ಪರರ ಮದುವೆಗೆ ಸೀರೆ ನೇಯ್ದವರ ಮಾತು. ನೋಡದ ಚಿತ್ರದ ಒಳಮರ್ಮ ಇಷ್ಟು ಸಲೀಸಾಗಿ ಸಿಗುವುದಾದರೆ, ನಾವೆಲ್ಲ ಟಿಕೆಟ್ ಕೊಂಡು ಕತ್ತಲಲ್ಲಿ ಕೂರುವುದು ಯಾವ ಪುರುಷಾರ್ಥಕ್ಕೆ?

ಇನ್ನೊಂದು ವರ್ಗದವರನ್ನು ಮರೆತರೆ ಅಪಚಾರವಾದೀತು: ತರ್ಕದ ಆಡಿಟರುಗಳು. ಹೊಸ ಚಿತ್ರದಲ್ಲಿ ಆ ತಿಜೋರಿ ಅಷ್ಟು ಸುಲಭಕ್ಕೆ ತೆರೆಯುತ್ತದೆಯೇ, ಕ್ಯಾಮೆರಾ ಕಣ್ಣು ಮುಚ್ಚಿತ್ತೇ, ಅಷ್ಟು ಭಾರವನ್ನು ಆ ಚೀಲ ತಡೆಯುತ್ತದೆಯೇ ಎಂದು ಪೈಸೆ ಪೈಸೆಗೆ ಲೆಕ್ಕ ಕೇಳುತ್ತಾರೆ. ಹಳೆಯ ಚಿತ್ರದಲ್ಲಿ ಒಂದು ಗಡ್ಡ ಅಂಟಿಸಿಕೊಂಡ ಮಾತ್ರಕ್ಕೆ ಎಂಜಿಆರ್ ಅವರಂಥ ಎಂಜಿಆರ್ ಅವರನ್ನೇ ಯಾರೂ ಗುರುತು ಹಿಡಿಯುವುದಿಲ್ಲ. ಅದಕ್ಕೆ ಲೆಕ್ಕ ಕೇಳುವುದಿಲ್ಲ, ಅದು ಸಂಪ್ರದಾಯ. ಆಡಿಟ್ಟಿನಲ್ಲಿ ಹಳೇ ಬಾಕಿ ಮನ್ನಾ ಆಗುವುದು ಲೋಕರೂಢಿ.

ಕರ್ನಾಟಕದಲ್ಲಿ ಈ ಅಭಿಪ್ರಾಯಶಾಸ್ತ್ರ ಇನ್ನೂ ಮೇಲ್ಮಟ್ಟದ್ದಾಗಿತ್ತು. ಬೇರೆ ಭಾಷೆಯ ಕಳ್ಳನ ಬಾಯಿಗೆ ಕನ್ನಡ ಮಾತು ಕೂರಿಸಿದರೆ ಅದು ಡಬ್ಬಿಂಗ್, ಮಹಾಪರಾಧವಾಗಿತ್ತು. ಅದೇ ಕಳ್ಳನ ಮನೆಗೆ ಹೋಗಿ, ಅವನ ಅಂಗಿ, ಹಾಡು, ಹೊಡೆದಾಟ, ತಾಯಿಯ ಕಣ್ಣೀರು ಎಲ್ಲವನ್ನೂ ಅಳತೆ ತೆಗೆದು ತಂದು ನಮ್ಮವನೊಬ್ಬನಿಗೆ ತೊಡಿಸಿದರೆ ಅದು ರೀಮೇಕ್, ಉದ್ಯಮದ ರಕ್ಷಣೆಯಾಗಿತ್ತು. ದಶಕಗಟ್ಟಲೆ ಹೀಗೆ ರಕ್ಷಣೆ ನಡೆಯಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ದಂಡ ಹಾಕಿತು; ಆಯೋಗಕ್ಕೆ ಕಲೆ ಎಲ್ಲಿ ಅರ್ಥವಾಗಬೇಕು? ಸರ್ಕಾರವೂ ರೀಮೇಕಿಗೆ ಸಬ್ಸಿಡಿ ಕೊಡದೆ ತನ್ನ ಅಭಿಪ್ರಾಯ ತಿಳಿಸಿತು. ಹೀಗೆ ಡಬ್ಬಿಂಗಿಗೆ ಗೇಟಿಲ್ಲ, ರೀಮೇಕಿಗೆ ಗೌರವವಿಲ್ಲ, ಸ್ವಂತ ಕಥೆಗೆ ಥಿಯೇಟರಿಲ್ಲ ಎಂಬ ಮೂರು ಕಂಬಗಳ ಮೇಲೆ ನಮ್ಮ ಚಿತ್ರರಂಗ ಭದ್ರವಾಗಿ ನಿಂತಿತು.

ಬೆಟ್ಟದ ಕಳ್ಳನ ಒಂದು ರೀಮೇಕ್ ಮಾತ್ರ ಸ್ಟುಡಿಯೊದ ಹೊರಗೆ ತಯಾರಾಯಿತು. ನಾನು ಇಳಿದು ಬರುವ ಘಾಟಿಯ ಸುತ್ತಲ ಕಾಡು ಅದರ ಸೆಟ್ಟು. ಸಾಮಗ್ರಿ ಹಳೆಯದೇ: ಬೆಟ್ಟ, ಬಂದೂಕು, ಮೀಸೆ, ಅಪಹರಣ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಒಯ್ಯಲ್ಪಟ್ಟವರು ಮಾತ್ರ ಸ್ವತಃ ನಮ್ಮ ನಾಯಕನಟರು. 108 ದಿನ ಎರಡು ರಾಜ್ಯಗಳು ಊಟ ನಿದ್ದೆ ಬಿಟ್ಟು ನೋಡಿದವು. ಆ ರೀಮೇಕಿನ ಬಗ್ಗೆ ತಮಿಳರು ಕನ್ನಡಿಗರು, ಮಾವ ಭಾವಮೈದುನ, ನೋಡಿದವರು ನೋಡದವರು ಎಲ್ಲರದೂ ಒಂದೇ ತೀರ್ಪು: ಹಳೇದೇ ಚೆನ್ನಾಗಿತ್ತು. ಆ ಮಾತು ನೂರಕ್ಕೆ ನೂರು ನಿಜವಾದದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಗುರುದಕ್ಷಿಣೆಯ ರೂಪದಲ್ಲಿ ಈಚೆಗೊಂದು ಸಂಜೆ ನಾನು ಮಾವನವರಿಗೆ ಫೋನಿನಲ್ಲಿ ‘ಮಲೈಕ್ಕಳ್ಳನ್’ ಹಾಕಿಕೊಟ್ಟೆ. ಎಪ್ಪತ್ತು ವರ್ಷದ ಮೇಲೆ ಹಳೇ ಗೆಳೆಯನನ್ನು ನೋಡಲಿ ಎಂದು. ಅವರೇಕೋ ಹಿಂಜರಿದರು. ಕಣ್ಣು ಮಂಜು ಎಂದರು, ಪರದೆ ಸಣ್ಣದು ಎಂದರು. ಕೊನೆಗೆ ಫೋನನ್ನು ಕಂಬಕ್ಕೆ ಒರಗಿಸಿ, ತಾವೂ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕುಳಿತರು.

ಆಶ್ಚರ್ಯ ಶುರುವಾದದ್ದು ಆಮೇಲೆ. ಒಂದೊಂದು ಮಾತೂ ಪರದೆಯ ಮೇಲೆ ಬರುವುದಕ್ಕೆ ಅರೆಗಳಿಗೆ ಮೊದಲೇ ಅವರ ತುಟಿಯ ಮೇಲೆ ಬರುತ್ತಿತ್ತು. ಕುದುರೆ ಬರುತ್ತದೆ ಎಂದರು, ಬಂತು. ಈಗ ಬಾಗಿಲು ಎಂದರು, ಬಾಗಿಲು ಕಿರ್ರೆಂದಿತು. ಭಾವಮೈದುನ ಬಾಯಿ ಬಿಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದ. ನಡುವೆ ಯಾವುದೋ ಮಾತಿಗೆ ನಕ್ಕು ಮಾವನವರು ಕಣ್ಣು ತೆರೆದರು. ಪರದೆಯ ಮೇಲೆ ಗಡ್ಡದ ಸಾಹೇಬರು ಇದ್ದರು.

“ಇದ್ಯಾರು?” ಎಂದರು.

“ಎಂಜಿಆರ್ ಅಲ್ವಾ ಮಾವ? ವೇಷ.”

“ದನಿ ಅವರದ್ದೇ. ಮುಖಕ್ಕೆ ಗಡ್ಡ ಇತ್ತಾ?”

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಒಳಗಿನ ಮಗ್ಗವೂ ನಿಂತಿತ್ತು. ಅವರೇ ನಿಧಾನವಾಗಿ ಬಾಯಿ ಬಿಟ್ಟರು. ಆಗ ಅವರಿಗೆ ಹತ್ತು ವರ್ಷ. ಊರಾಚೆ ಬಯಲಿನಲ್ಲಿ ಡೇರೆ ಸಿನಿಮಾ. ಟಿಕೆಟ್ಟಿಗೆ ಕಾಸಿಲ್ಲ. ಡೇರೆಯ ಹಿಂದೆ, ಬಟ್ಟೆಗೆ ಕಿವಿಯೊತ್ತಿ, ಚಿತ್ರ ಇದ್ದಷ್ಟು ರಾತ್ರಿಯೂ ಕೂತಿದ್ದರಂತೆ. ಗೇಟಿನವನು ಕೋಲು ಹಿಡಿದು ಬಂದರೆ ಓಡುವುದು, ಅವನು ಹೋದ ಮೇಲೆ ಮತ್ತೆ ಬಂದು ಕೂರುವುದು. “ಪೂರ್ತಿ ಕದ್ದು ಕೇಳಿದೀನಿ” ಎಂದರು, ತುಸು ನಾಚಿ, ತುಸು ಹೆಮ್ಮೆಯಿಂದ. ಮೂರು ವರ್ಷದ ಮೇಲೆ ‘ಬೆಟ್ಟದ ಕಳ್ಳ’ ಬಂದಿದೆ ಎಂದು ಕೇಳಿ, ಮನೆಮಾತಿನಲ್ಲಿ ಕಳ್ಳ ಹೇಗೆ ಮಾತಾಡುತ್ತಾನೋ ಎಂದು ಕಾದಿದ್ದರಂತೆ. ಅದು ಅವರೂರಿನ ಡೇರೆಗೆ ಬರಲೇ ಇಲ್ಲ. ಅದಕ್ಕೇ ಅದು ಚೆನ್ನಾಗಿರಲಿಲ್ಲ.

ನಾವು ಚಿತ್ರವನ್ನು ಕೊನೆಯವರೆಗೂ ಹಾಕಿದೆವು. ಈ ಸಲ ಅವರು ಕಣ್ಣು ಬಿಟ್ಟೇ ಕುಳಿತರು. ಎಂಜಿಆರ್ ಕುದುರೆ ಏರಿದರು, ಭಾನುಮತಿ ಹುಬ್ಬು ಕುಣಿಸಿದರು, ಪೊಲೀಸರು ಪೆಚ್ಚಾದರು, ಶುಭಂ ಆಯಿತು. ಭಾವಮೈದುನ ಫೋನ್ ಎತ್ತಿಕೊಂಡು, ಮೊದಲ ಬಾರಿಗೆ ನಿಜವಾದ ವಿನಯದಿಂದ ಕೇಳಿದ: “ಹೇಗಿತ್ತಪ್ಪಾ?”

ಮಾವನವರು ಬಹಳ ಹೊತ್ತು ಕಂಬದ ಕಡೆ, ಫೋನ್ ಇದ್ದ ಖಾಲಿ ಜಾಗವನ್ನೇ ನೋಡಿದರು.

“ಪರವಾಗಿಲ್ಲ. ಆದರೂ ಹಳೇದೇ ಚೆನ್ನಾಗಿತ್ತು.”