ದೀರ್ಘಧಾವನೋಪಯೋಗಿ ಮೈಟೋಕಾಂಡ್ರಿಯಾ ಪೋಷಣ ಮೀಮಾಂಸೆ

ಜೀವಕೋಶಾಂತರ್ಗತ-ಶಕ್ತ್ಯುತ್ಪಾದಕ-ಕಣ-ಸಂವರ್ಧನ-ಪೂರ್ವಕ-ಧಾವನ-ಸಾಮರ್ಥ್ಯಾಭಿವೃದ್ಧಿ ಎಂಬುದು ಈ ಪ್ರಬಂಧದ ವಿಷಯ. ಇಷ್ಟುದ್ದದ ಸಮಾಸವನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವನು ಈ ಶಾಸ್ತ್ರಕ್ಕೆ ಅಧಿಕಾರಿ. ನಡುವೆ ಏದುಸಿರು ಬಿಟ್ಟವನು ಗಿರಾಕಿ. ಗಿರಾಕಿಗಳು ಚತುರ್ವಿಧ: ಗುಳಿಗಾಶ್ರಿತರು, ಚೂರ್ಣಾಶ್ರಿತರು, ಮಂಜುಗಡ್ಡೆ ತುಂಬಿದ ತೊಟ್ಟಿಯಲ್ಲಿ ಕೂರುವ ಹಿಮಮಜ್ಜಕರು, ಕೈಗಡಿಯಾರ ಹೇಳಿದರಷ್ಟೇ ತಮಗೆ ನಿದ್ದೆ ಬಂದಿತ್ತೆಂದು ಒಪ್ಪುವ ಘಟಿಕಾಧೀನರು. ಗುಳಿಗಾಶ್ರಿತರಲ್ಲಿ ಮತ್ತೆ ಪ್ರಾತಃಸೇವಿ, ಸಾಯಂಸೇವಿ, ಉಭಯಸೇವಿ ಎಂಬ ಉಪಭೇದಗಳುಂಟು. ಎಲ್ಲರೂ ಕೊನೆಗೆ ದುಡ್ಡು ಸುರಿಯುವುದು ಒಂದೇ ಅಂಗಡಿಯಲ್ಲಾದ್ದರಿಂದ ಈ ವಿಂಗಡಣೆಯನ್ನು ಇಲ್ಲಿಗೇ ಕೈಬಿಡಲಾಗಿದೆ.

ಪೂರ್ವಪಕ್ಷ ಹೀಗಿದೆ: ದೂರ ಓಡುವವರ ಸ್ನಾಯುವಿಗೆ ಬೇಕಾದ ಎಟಿಪಿ ಎಂಬ ಶಕ್ತಿವಾಹಕ ಕಣದ ಬಹುಪಾಲನ್ನು ಮೈಟೋಕಾಂಡ್ರಿಯಾ ತಯಾರಿಸುತ್ತದೆ; ಆದ್ದರಿಂದ ಮೈಟೋಕಾಂಡ್ರಿಯಾಕ್ಕೆ ‘ಸಪೋರ್ಟ್’ ಬೇಕು; ಆದ್ದರಿಂದ ಡಬ್ಬಿ ಕೊಳ್ಳಬೇಕು. ಮೊದಲನೆಯ ಮಾತು ನಿಜ. ಎರಡನೆಯದರಿಂದ ಮೂರನೆಯದಕ್ಕೆ ಇರುವಷ್ಟು ದೂರವನ್ನು ಯಾವ ಲಾಂಗ್ ಜಂಪ್ ಪಟುವೂ ಹಾರಿಲ್ಲ. ಸಿದ್ಧಾಂತವಾದರೋ 1967ರಲ್ಲೇ ಸಿಕ್ಕಿದೆ. ಅಮೆರಿಕದ ವಿಜ್ಞಾನಿ ಜಾನ್ ಹೊಲೊಸ್ಜಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು. ಅವುಗಳ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾ ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಇಮ್ಮಡಿಯಾಗಿತ್ತು. ಇಲಿಗಳು ಡಬ್ಬಿ ಕೊಂಡಿರಲಿಲ್ಲ. ಮೈಟೋಕಾಂಡ್ರಿಯಾವನ್ನು ಹೆಚ್ಚಿಸುವುದು ಓಟವೇ. ಓಟ ನಿಲ್ಲಿಸಿದರೆ ಗಳಿಸಿದ್ದು ಕೆಲವೇ ವಾರಗಳಲ್ಲಿ ಕರಗುತ್ತದೆ. ಇದು ಕೂಡಿಟ್ಟ ಆಸ್ತಿಯಲ್ಲ, ದಿನಗೂಲಿ.

ಇಲ್ಲಿ ಚೂರ್ಣಾಶ್ರಿತರ ಆಕ್ಷೇಪ: ಓಡುವಾಗ ದೇಹದಲ್ಲಿ ಫ್ರೀ ರಾಡಿಕಲ್‌ಗಳು ಹುಟ್ಟುತ್ತವೆ, ಅವನ್ನು ಅಡಗಿಸಲು ಆ್ಯಂಟಿ ಆಕ್ಸಿಡೆಂಟ್ ಬೇಡವೇ? ಸಮಾಧಾನ: ಆ ರಾಡಿಕಲ್‌ಗಳೇ ‘ಇನ್ನಷ್ಟು ಮೈಟೋಕಾಂಡ್ರಿಯಾ ಬೇಕು’ ಎಂದು ಜೀವಕೋಶಕ್ಕೆ ಸುದ್ದಿ ಮುಟ್ಟಿಸುವ ಸಂಕೇತಗಳಲ್ಲಿ ಸೇರಿವೆ. 2014ರಲ್ಲಿ ಪ್ರಕಟವಾದ ನಾರ್ವೆಯ ಪ್ರಯೋಗದಲ್ಲಿ, ತರಬೇತಿಯ ಜೊತೆಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ, ಅದರೊಂದಿಗೆ ವಿಟಮಿನ್ ಇ ನುಂಗಿದವರ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾದ ಪ್ರೋಟೀನು ಏರಬೇಕಾದಷ್ಟು ಏರಲಿಲ್ಲ. ಆದರೆ ಅವರ ಓಟವೇನೂ ಕೆಡಲಿಲ್ಲವಲ್ಲ ಎಂದು ಪ್ರತಿವಾದಿ ಹೇಳಬಹುದು. ಹೌದು, ಕೆಡಲಿಲ್ಲ, ನುಂಗದವರಿಗಿಂತ ಹೆಚ್ಚು ಸುಧಾರಿಸಲೂ ಇಲ್ಲ. ಕಾಸು ಕೊಟ್ಟು ಕೊಂಡದ್ದಕ್ಕೆ ಅಷ್ಟೇ ಸಮರ್ಥನೆ ಸಾಕೆಂದರೆ ಈ ಮೀಮಾಂಸಕನ ತಕರಾರಿಲ್ಲ. ಡಬ್ಬಿಯನ್ನು ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಔಷಧೀಯ ಬಳಕೆಗಲ್ಲ’ ಎಂದು ನಿಯಮದ ಪ್ರಕಾರ ಮುದ್ರಿಸಿರುತ್ತಾರೆ. ಇಡೀ ಶಾಸ್ತ್ರದಲ್ಲಿ ಸಂಶಯಾತೀತವಾದ ವಾಕ್ಯ ಅದೊಂದೇ.

ಪೋಷಣೆಯೇ ಬೇಡವೆಂದು ಇದರರ್ಥವಲ್ಲ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೂ, ಮೈಟೋಕಾಂಡ್ರಿಯಾದೊಳಗೆ ಇಲೆಕ್ಟ್ರಾನುಗಳನ್ನು ದಾಟಿಸುವ ಸೈಟೋಕ್ರೋಮುಗಳಿಗೂ ಕಬ್ಬಿಣ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹದಿಹರೆಯದವರಿಗೆಂದೇ ವಾರಕ್ಕೊಂದು ನೀಲಿ ಮಾತ್ರೆ ಉಂಟು: 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಪುಕ್ಕಟೆ. ಅದಕ್ಕೆ ಚಿನ್ನದ ಬಣ್ಣದ ಮುಚ್ಚಳವಿಲ್ಲ, ಪ್ರಚಾರ ಮಾಡುವ ತಾರೆಯಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬೇರೆ. ತಾಲ್ಲೂಕು ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಮೂರನೆಯ ಸುತ್ತಿಗೆ ಕಣ್ಣು ಕತ್ತಲೆ ಬಂದು ಕುಸಿದು ಕೂತ ಹುಡುಗಿಗೆ ‘ಸ್ಟ್ಯಾಮಿನಾ ಸಾಲದು’ ಎಂದು ಷರಾ ಬರೆದು ಕೈತೊಳೆದುಕೊಳ್ಳುವ ನಾವು, ಹೊಟ್ಟೆ ತುಂಬಿದವರ ಜೀವಕೋಶಗಳ ದಣಿವಿನ ಬಗ್ಗೆ ಗೋಷ್ಠಿ ನಡೆಸುತ್ತೇವೆ. ನಾಚಿಕೆಯಾಗಬೇಕು. ಅವಳಿಗೆ ಕಡಿಮೆಯಾದದ್ದು ಛಲವಲ್ಲ, ಶಿಸ್ತಲ್ಲ. ಹೊಟ್ಟೆಗೆ ಬೀಳಬೇಕಾದ ಸೊಪ್ಪು, ಕಾಳು, ಮೊಟ್ಟೆ, ಮಾಂಸ.

ಇನ್ನು ಫಲಶ್ರುತಿ. ಇದನ್ನು ಓದಿದವರಿಗೆ ಒಂದು ಮೈಟೋಕಾಂಡ್ರಿಯಾವೂ ಹೆಚ್ಚುವುದಿಲ್ಲ. ಫಲ ಬೇಕೆಂದರೆ ಆ ಹುಡುಗಿಯ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ನೀಲಿ ಮಾತ್ರೆ ಅವಳ ಕೈಗೆ ತಲುಪಿತೇ ಎಂದು ವಾರ ವಾರ ಕೇಳಿ, ಹೊಟ್ಟೆ ತುಂಬ ಊಟ ಹಾಕಿ, ಕಲ್ಲು ಆರಿಸಿದ ಮೈದಾನವೊಂದನ್ನು ಬಿಟ್ಟುಕೊಡಿ. ಓಡುವುದನ್ನು ಅವಳು ನೋಡಿಕೊಳ್ಳುತ್ತಾಳೆ; ಮೈಟೋಕಾಂಡ್ರಿಯಾ ತನ್ನ ಪಾಡಿಗೆ ತಾನು ಹೆಚ್ಚಿಕೊಳ್ಳುತ್ತದೆ.